"ಅದರಿಂದ ನಮಗೇನು ಬಾಯಮ್ಮಾ?"

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರದ ಹಳ್ಳಿ. ಕ್ರಿಸ್ಮಸ್‌ಗೆ ಸುತ್ತಲಿನ ಮನೆಗಳಿಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು, ಕೊಟ್ಟು ಬರುವ ಪದ್ಧತಿ ನನ್ನ ಅತ್ತೆಯ ಕಾಲದಿಂದ ನಡೆದು ಬಂದಿದೆ. ಕಳೆದ ವರ್ಷ ಪಕ್ಕದ ಮನೆಯ ಅಕ್ಕ ತಟ್ಟೆ ತೆಗೆದುಕೊಳ್ಳುತ್ತಾ, "ಶುಭಸಂದೇಶ, ಶುಭಸಂದೇಶ ಎಂದು ನಿಮ್ಮವರು ಹೇಳುವುದನ್ನು ಕೇಳಿದ್ದೇನೆ. ಆ ಸಂದೇಶ ಯಾವುದು ಬಾಯಮ್ಮಾ?" ಎಂದರು. "ಯೇಸುಸ್ವಾಮಿ ಹುಟ್ಟಿದ್ದು" ಎಂದೆ. "ಅದು ಗೊತ್ತಿದೆ. ಅದರಿಂದ ನಮಗೇನು?" ಎಂದು ಕೇಳಿದರು. ಕುಹಕದಿಂದಲ್ಲ, ತಿಳಿಯಬೇಕೆಂದೇ ಕೇಳಿದ್ದರು. ನನಗೆ ಮಾತು ಹೊರಡಲಿಲ್ಲ. ಬಾಯಿಪಾಠ ಬರುತ್ತಿದ್ದುದೆಲ್ಲ ಕೊಂಕಣಿಯಲ್ಲಿತ್ತು. ಹೆಚ್ಚು ಹೇಳಿದರೆ ಮತಾಂತರಕ್ಕೆ ಬಂದಿದ್ದಾಳೆ ಎಂದುಕೊಂಡಾರೆಂಬ ಅಳುಕೂ ಇತ್ತು. ಈ ಸಲ ಮತ್ತೆ ಹೋಗಬೇಕು. ಏನು ಹೇಳಲಿ?

ಓದುಗರೊಬ್ಬರು, ಕಾಸರಗೋಡು ಜಿಲ್ಲೆ

ಉತ್ತರ: ಸಹೋದರಿ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದೊತೊರ್ನ್ (ಧರ್ಮಬೋಧನೆ) ತರಗತಿಗಳಲ್ಲಿ ಮಕ್ಕಳಿಗೆ ಬೈಬಲ್ ಕಲಿಸಿದವನು ನಾನು. ನಿಮ್ಮ ಪಕ್ಕದ ಮನೆಯ ಅಕ್ಕ ಕೇಳಿದ ಪ್ರಶ್ನೆಯನ್ನು ಅಷ್ಟು ವರ್ಷಗಳಲ್ಲಿ ಒಂದು ಮಗುವೂ ನನ್ನನ್ನು ಕೇಳಲಿಲ್ಲ. ಹುಟ್ಟಿನಿಂದಲೇ ಕಥೆ ಕೇಳುತ್ತಾ ಬೆಳೆದವರಿಗೆ ಆ ಪ್ರಶ್ನೆ ಹೊಳೆಯುವುದಿಲ್ಲ. ಅಂಗಳದ ಆಚೆ ನಿಂತವರಿಗೆ ಹೊಳೆಯಿತು. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ನೀವು ಕೊಟ್ಟ ಉತ್ತರ ತಪ್ಪಲ್ಲ, ಅರ್ಧಕ್ಕೆ ನಿಂತಿದೆ. ಎಲ್ಲಿ ನಿಂತಿತು ಎಂಬುದನ್ನು ಅಕ್ಕ ಸರಿಯಾಗಿ ಹಿಡಿದರು. ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯ ತೆಗೆಯಿರಿ. ಬೆತ್ಲೆಹೇಮಿನ ಬಯಲಿನಲ್ಲಿ ರಾತ್ರಿ ಕುರಿ ಕಾಯುತ್ತಿದ್ದವರಿಗೆ ದೇವದೂತನು ಹೇಳಿದ್ದೇನು? ಹೆದರಬೇಡಿ, ಜನರಿಗೆಲ್ಲ ದೊಡ್ಡ ಸಂತೋಷ ತರುವ ಸುದ್ದಿ ತಂದಿದ್ದೇನೆ. ಇಂದು ದಾವೀದನ ಊರಿನಲ್ಲಿ ನಿಮಗಾಗಿ ಉದ್ಧಾರಕನು ಹುಟ್ಟಿದ್ದಾನೆ. ಆ "ನಿಮಗಾಗಿ" ಎಂಬ ಪದದ ಮೇಲೆ ಬೆರಳಿಟ್ಟು ನಿಲ್ಲಿ. ಅದನ್ನು ತೆಗೆದುಬಿಟ್ಟರೆ ಉಳಿಯುವುದು ಯಾರದೋ ಹುಟ್ಟುಹಬ್ಬದ ಸುದ್ದಿ. ಅಕ್ಕ "ನಮಗೇನು?" ಎಂದು ಕೇಳಿದ್ದಕ್ಕೆ ದೇವದೂತ "ನಿಮಗಾಗಿ" ಎಂದು ಎರಡು ಸಾವಿರ ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದ್ದಾನೆ. ನಾವು ನಮಗೆ ಗೊತ್ತಿದ್ದರೆ ಸಾಕೆಂದುಕೊಂಡು ಆ ಪದವನ್ನು ನುಂಗಿಬಿಟ್ಟೆವು.

ಶುಭಸಂದೇಶ ಎಂಬ ಮಾತಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಎಷ್ಟೊಂದು ಹೆಸರುಗಳು! ಕನ್ನಡ ಕಥೋಲಿಕರು ಶುಭಸಂದೇಶ ಎನ್ನುತ್ತಾರೆ, ಬಾಸೆಲ್ ಮಿಷನ್ ಪರಂಪರೆಯವರು ಸುವಾರ್ತೆ ಎನ್ನುತ್ತಾರೆ. ನಿಮ್ಮ ಕೊಂಕಣಿಯಲ್ಲಿ ಅದು ಪೋರ್ಚುಗೀಸಿನಿಂದ ಬಂದ ವಾಂಜೆಲ್. ಪೂರ್ವದ ಮಲೆಗಳಿಗೆ ತಿರುವಾಂಕೂರಿನಿಂದ ವಲಸೆ ಬಂದು ರಬ್ಬರ್ ಬೆಳೆದ ಸಿರಿಯನ್ ಕ್ರೈಸ್ತರ ಬಾಯಲ್ಲಿ ಸುವಿಶೇಷಂ. ತುಳುವಿನಲ್ಲಿ ಸುಮ್ಮನೆ "ಎಡ್ಡೆ ಸುದ್ದಿ" ಎಂದರೂ ಸಾಕು. ಇವೆಲ್ಲದರ ಬುಡದಲ್ಲಿರುವುದು ಗ್ರೀಕಿನ ಎವಂಗೆಲಿಯೊನ್. ಅದು ಮೊದಲಿಗೆ ಧಾರ್ಮಿಕ ಪದವಾಗಿರಲಿಲ್ಲ. ಯುದ್ಧ ಗೆದ್ದ ಸುದ್ದಿಗೆ, ಅರಮನೆಯ ಸುದ್ದಿಗೆ ಬಳಸುತ್ತಿದ್ದ ಮಾತು. ಇಂದಿನ ಟರ್ಕಿಯಲ್ಲಿರುವ ಪ್ರಿಯೆನೆ ಎಂಬ ಹಳೆಯ ನಗರದಲ್ಲಿ ಕ್ರಿಸ್ತಪೂರ್ವ 9ರ ಒಂದು ಶಾಸನ ಸಿಕ್ಕಿದೆ. ರೋಮಿನ ಚಕ್ರವರ್ತಿ ಅಗಸ್ಟಸ್‌ನ ಹುಟ್ಟಿದ ದಿನವೇ ಲೋಕಕ್ಕೆ ಶುಭವಾರ್ತೆಗಳ ಆರಂಭ, ಆದ್ದರಿಂದ ವರ್ಷವನ್ನು ಅಂದಿನಿಂದಲೇ ಎಣಿಸೋಣ ಎಂದು ಅದರಲ್ಲಿ ಕೆತ್ತಿದ್ದಾರೆ.

ಈಗ ಲೂಕನು ಕ್ರಿಸ್ಮಸ್ ಕಥೆಯನ್ನು ಯಾರ ಹೆಸರಿನಿಂದ ಆರಂಭಿಸುತ್ತಾನೆ ನೋಡಿ. ಅದೇ ಅಗಸ್ಟಸ್. ಜನಗಣತಿಗೆ ಅವನು ಆಜ್ಞೆ ಹೊರಡಿಸಿದ, ಎಲ್ಲರೂ ಹೆಸರು ಬರೆಸಲು ತಮ್ಮ ತಮ್ಮ ಊರಿಗೆ ಹೊರಟರು, ತುಂಬು ಗರ್ಭಿಣಿ ಮರಿಯಮ್ಮನೂ ಹೊರಟಳು. ಚಕ್ರವರ್ತಿಯ ಶುಭವಾರ್ತೆ ಕಲ್ಲಿನಲ್ಲಿ ಕೆತ್ತಿಸಿಕೊಂಡು ನಗರಗಳ ನಡುವೆ ನಿಂತಿತ್ತು. ಓದಬಲ್ಲವರಿಗಷ್ಟೇ ಅದು ತಲುಪಿತು. ದೇವರ ಶುಭವಾರ್ತೆ ಮೊದಲು ತಲುಪಿದ್ದು ಗಣತಿಗೆ ಹೊರಡಲು ಕೂಡ ಪುರುಸೊತ್ತಿಲ್ಲದೆ ಬಯಲಿನಲ್ಲಿ ಮಂದೆ ಕಾಯುತ್ತಿದ್ದವರಿಗೆ. ಸಂದೇಶ ಹೇಗೆ ತಲುಪಬೇಕು ಎಂಬುದಕ್ಕೆ ಲೂಕ ಕೊಟ್ಟ ಪಾಠ ಇದು ಎಂದು ನಾನು ತಿಳಿಯುತ್ತೇನೆ. ಕುರಿಗಾಹಿಗಳು ದೇವಾಲಯಕ್ಕೆ ಬರಲಿ ಎಂದು ಸುದ್ದಿ ಕಾಯಲಿಲ್ಲ. ಅವರು ಕೆಲಸ ಮಾಡುವ ಜಾಗಕ್ಕೆ, ಅವರು ಎಚ್ಚರವಿದ್ದ ಹೊತ್ತಿಗೆ ಸುದ್ದಿಯೇ ಹೋಯಿತು.

ಕರಾವಳಿಯವರಾದ ನಮಗೆ ಕುರಿಗಾಹಿಗಳು ಚಿತ್ರದಲ್ಲಿ ಕಂಡವರು. ನಮ್ಮಲ್ಲಿ ಆ ಹೊತ್ತಿಗೆ ಎಚ್ಚರವಿರುವವರು ಬೇರೆ. ಮಂಜೇಶ್ವರದ ಕಡಲಿಗೆ ಬೆಳಕು ಹರಿಯುವ ಮೊದಲೇ ದೋಣಿ ಇಳಿಸುವವರು. ಹಂದಿ ಬಂದು ಗದ್ದೆ ಹಾಳು ಮಾಡದಂತೆ ಕಾಯುವವರು. ರಾತ್ರಿ ಪಾಳಿಯ ದಾದಿಯರು. ಎಣ್ಮಕಜೆ ಕಡೆಯ ಕೆಲವು ಮನೆಗಳಲ್ಲಿ, ಏಳಲಾಗದ ಮಗನ ಪಕ್ಕದಲ್ಲಿ ಕುಳಿತು ಬೆಳಗು ಮಾಡುವ ತಾಯಂದಿರು. ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಮೇಲೆ ಅಲ್ಲಿ ಏನಾಯಿತೆಂದು ನಿಮಗೆ ನಾನು ಹೇಳಬೇಕಿಲ್ಲ.

ಅಂಥ ಒಂದು ಮನೆಗೆ ನಾನೊಮ್ಮೆ ಕ್ರಿಸ್ಮಸ್‌ಗೆ ಮೂರು ದಿನ ಇರುವಾಗ ಹೋಗಿದ್ದೆ. ಆಗ ನನಗೆ ಇಪ್ಪತ್ತೇಳು ವರ್ಷ. ಕೇಕ್ ಕೊಟ್ಟೆ, ಕುಳಿತೆ, ತಯಾರಿ ಮಾಡಿಕೊಂಡು ಹೋಗಿದ್ದನ್ನೆಲ್ಲ ಹೇಳಿದೆ. ಆದಾಮನಿಂದ ಶುರುಮಾಡಿ ಪಾಪ, ಶಾಪ, ರಕ್ಷಣೆ, ಪ್ರವಾದನೆಗಳವರೆಗೆ ಒಂದನ್ನೂ ಬಿಡಲಿಲ್ಲ. ಆ ತಾಯಿ ಮಗನಿಗೆ ಗಂಜಿ ಕುಡಿಸುತ್ತಾ ಎಲ್ಲವನ್ನೂ ಕೇಳಿದರು. ಮಗನಿಗೆ ಹದಿನಾಲ್ಕು ವರ್ಷ, ಕುತ್ತಿಗೆ ನಿಲ್ಲುತ್ತಿರಲಿಲ್ಲ. ನಾನು ಮುಗಿಸಿದ ಮೇಲೆ ಅವರು ಒಂದೇ ಮಾತು ಕೇಳಿದರು: "ಮಾಸ್ಟ್ರೇ, ದೇವರಿಗೆ ಇವನು ಗೊತ್ತೇ?"

ನನ್ನಲ್ಲಿ ಅದಕ್ಕೆ ತಯಾರಿ ಇರಲಿಲ್ಲ. ಏನೋ ತೊದಲಿ ಎದ್ದು ಬಂದೆ. ನಿಜವಾಗಿ ನಾನು ಹೇಳಬೇಕಿದ್ದ ಶುಭಸಂದೇಶ ಅಷ್ಟೇ ಆಗಿತ್ತು, ಅದನ್ನು ಆ ತಾಯಿಯೇ ಪ್ರಶ್ನೆಯಾಗಿ ನನ್ನ ಕೈಗಿಟ್ಟಿದ್ದರು. ಗೊತ್ತು ಅಮ್ಮಾ, ಹೆಸರು ಹಿಡಿದು ಗೊತ್ತು. ಅವನಂತೆಯೇ ಕುತ್ತಿಗೆ ನಿಲ್ಲದ ಕೂಸಾಗಿ, ಬೇರೆಯವರು ಎತ್ತಿಕೊಳ್ಳದಿದ್ದರೆ ಬದುಕದ ಜೀವವಾಗಿ ದೇವರು ಬಂದದ್ದು ಅದಕ್ಕಾಗಿಯೇ. ಮತ್ತಾಯನ ಶುಭಸಂದೇಶದಲ್ಲಿ ಬರುವ ಇಮ್ಮಾನುವೇಲ್ ಎಂಬ ಹೆಸರಿಗೆ "ದೇವರು ನಮ್ಮ ಸಂಗಡ ಇದ್ದಾನೆ" ಎಂದೇ ಅರ್ಥ. ಇದು ಎರಡು ವಾಕ್ಯ. ಒಂದು ಗಂಟೆ ಮಾತನಾಡಿದ ನಾನು ಆ ಎರಡು ವಾಕ್ಯ ಹೇಳದೆ ಬಂದೆ. ಮರುವರ್ಷ ಹೋಗುವಷ್ಟರಲ್ಲಿ ಹುಡುಗ ಇರಲಿಲ್ಲ.

ಆದ್ದರಿಂದ ನಿಮಗೆ ಮೊದಲು ಹೇಳುವುದು: ಎಲ್ಲವನ್ನೂ ಹೇಳಬೇಕೆಂಬ ಆಸೆ ಬಿಡಿ. ಕೇಳಿದ್ದಕ್ಕೆ ಉತ್ತರ ಕೊಡಿ.

ಎರಡನೆಯದು ಭಾಷೆ. ನಿಮಗೆ ಗೊತ್ತಿದ್ದುದೆಲ್ಲ ಕೊಂಕಣಿಯಲ್ಲಿತ್ತು ಎಂದು ಬರೆದಿದ್ದೀರಿ. ಅದು ನಿಮ್ಮೊಬ್ಬರ ಕಷ್ಟವಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಕ್ರಿಸ್ಮಸ್ ರಾತ್ರಿಯ ಬಲಿಪೂಜೆ ಲ್ಯಾಟಿನಿನಲ್ಲಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನಭಾಷೆಗೆ ಬಾಗಿಲು ತೆರೆಯುವವರೆಗೂ ಹಾಗೆಯೇ ನಡೆಯಿತು. ಅಜ್ಜಿಗೆ ಆ ಮಂತ್ರಗಳಲ್ಲಿ ಒಂದು ಪದವೂ ಅರ್ಥವಾಗುತ್ತಿರಲಿಲ್ಲ, ಆದರೂ ಸುದ್ದಿ ಅವಳಿಗೆ ತಲುಪಿತ್ತು. ಹೇಗೆ ಎಂದರೆ ಕೊಂಕಣಿಯ ಪ್ರಸಂಗದಿಂದ, ಮನೆಯ ಸಂಜೆಯ ಪ್ರಾರ್ಥನೆಯಿಂದ, ಎಲ್ಲಕ್ಕಿಂತ ಹೆಚ್ಚಾಗಿ ಕ್ರಿಸ್ಮಸ್‌ಗೆ ಮನೆಯಲ್ಲಿ ಕಟ್ಟುವ ಗೋದಲಿಯಿಂದ.

ಲ್ಯಾಟಿನಿನಿಂದ ಕೊಂಕಣಿಗೆ ಬಂದದ್ದನ್ನು ಕನ್ನಡಕ್ಕೋ ತುಳುವಿಗೋ ಇನ್ನೊಂದು ಹೆಜ್ಜೆ ನಡೆಸುವುದು ನಿಮ್ಮ ಪಾಲಿಗೆ ಬಂದಿದೆ. ಈ ದಾರಿಯಲ್ಲಿ ನಡೆದವರಿದ್ದಾರೆ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಹದಿಮೂರು ವರ್ಷಗಳೊಳಗೆ ಹೊಸ ಒಡಂಬಡಿಕೆಯನ್ನು ತುಳುವಿನಲ್ಲಿ ಅಚ್ಚು ಹಾಕಿಸಿದರು. ನಿಘಂಟಿನ ಕಿಟೆಲ್ ನಿಮಗೆ ಗೊತ್ತೇ ಇದ್ದಾರೆ. ಅವರು ನಿಘಂಟಿಗಿಂತ ಎಷ್ಟೋ ಮೊದಲು, 1862ರಲ್ಲಿ, ಕ್ರಿಸ್ತನ ಜೀವನವನ್ನು ನಮ್ಮ ಛಂದಸ್ಸಿನಲ್ಲಿ ಹಾಡಾಗಿ ಕಟ್ಟಿದರು. ಗದ್ಯವನ್ನು ತೂಕಡಿಸುತ್ತಾ ಕೇಳುವ ಜನ ಹಾಡಿಗೆ ಕಿವಿಗೊಡುತ್ತಾರೆಂಬುದು ಆ ಜರ್ಮನ್ ಮನುಷ್ಯನಿಗೆ ತಿಳಿದಿತ್ತು. ಇನ್ನು ನಮ್ಮದೇ ಮಂಜೇಶ್ವರದ ಗೋವಿಂದ ಪೈಗಳು. ಕ್ರೈಸ್ತರಲ್ಲದ ಅವರು ಯೇಸುವಿನ ಕೊನೆಯ ದಿನವನ್ನು ಕುರಿತು ಗೊಲ್ಗೊಥಾ ಎಂಬ ಖಂಡಕಾವ್ಯ ಬರೆದರು. ಕ್ರಿಸ್ತನ ಕಥೆಗೆ ಕನ್ನಡದಲ್ಲಿ ಪದಗಳಿಲ್ಲ ಎಂದು ಯಾರಾದರೂ ಕೊರಗಿದರೆ ನಾನು ಅವರನ್ನು ಆ ಕಾವ್ಯದತ್ತ ಕಳುಹಿಸುತ್ತೇನೆ.

ನೀವೇನೂ ಕಾವ್ಯ ಬರೆಯಬೇಕಾಗಿಲ್ಲ. ನಮ್ಮ ಊರಿನ ತಾಳಮದ್ದಳೆಯನ್ನು ನೆನೆಸಿಕೊಳ್ಳಿ. ಭಾಗವತರು ಪದ್ಯ ಹಾಡುತ್ತಾರೆ. ಪದ್ಯ ಎಲ್ಲೆಡೆ ಒಂದೇ, ಅದನ್ನು ಬದಲಾಯಿಸುವಂತಿಲ್ಲ. ಅರ್ಥಧಾರಿ ಆ ಪದ್ಯದ ಎದೆಯಲ್ಲಿರುವುದನ್ನು ತನ್ನ ಮಾತಿನಲ್ಲಿ, ಎದುರಿಗೆ ಕುಳಿತವರಿಗೆ ಮುಟ್ಟುವಂತೆ ಬಿಡಿಸುತ್ತಾನೆ. ಪದ್ಯವನ್ನೇ ಮತ್ತೆ ಓದಿ ಹೇಳಿದರೆ ಅದು ಅರ್ಥವಲ್ಲ. ಪದ್ಯವನ್ನು ಬಿಟ್ಟು ತನಗೆ ತೋಚಿದ್ದನ್ನು ಹೇಳಿದರೂ ಅರ್ಥವಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯವರಿಗೆ, ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರನ್ನು ಕೇಳಿದ ಈ ಸೀಮೆಯವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಕ್ರಿಸ್ಮಸ್ ರಾತ್ರಿ ಇಗರ್ಜಿಯಲ್ಲಿ ಧರ್ಮಗುರು ಓದುವ ವಾಂಜೆಲ್ ಪದ್ಯ. ಮರುದಿನ ಕುಸ್ವಾರ್ ತಟ್ಟೆ ಹಿಡಿದು ಅಕ್ಕನ ಮೆಟ್ಟಿಲಲ್ಲಿ ನಿಂತಾಗ ಅರ್ಥ ನಿಮ್ಮದು. ಅಕ್ಕ ಪದ್ಯವನ್ನು ಆಗಲೇ ಕೇಳಿದ್ದರು, "ಅದು ಗೊತ್ತಿದೆ" ಎಂದರಲ್ಲ! ಅವರು ಕೇಳಿದ್ದು ಅರ್ಥ.

ನಾನಾದರೆ ಹೀಗೆ ಹೇಳುತ್ತಿದ್ದೆ. ಇದನ್ನು ಬಾಯಿಪಾಠ ಮಾಡಬೇಡಿ, ನಿಮ್ಮ ಮಾತಿಗೆ ತಿರುಗಿಸಿಕೊಳ್ಳಿ:

"ಅಕ್ಕಾ, ಹೋದ ವರ್ಷ ನೀವು ಕೇಳಿದ್ದು ನನ್ನ ತಲೆಯಲ್ಲೇ ಇತ್ತು. ನಾವು ನಂಬುವುದು ಇಷ್ಟು. ದೇವರು ಮನುಷ್ಯರನ್ನು ದೂರದಲ್ಲಿ ಕುಳಿತು ನೋಡಿ ಸಾಕೆಂದುಕೊಳ್ಳಲಿಲ್ಲ, ತಾನೇ ಮಗುವಾಗಿ ಬಂದ. ಇರಲು ಜಾಗ ಸಿಗಲಿಲ್ಲ, ದನಗಳಿಗೆ ಹುಲ್ಲು ಹಾಕುವ ಗೋದಲಿಯಲ್ಲಿ ಮಲಗಿದ. ಆದ್ದರಿಂದ ಜಾಗವಿಲ್ಲದವರು, ತಪ್ಪು ಮಾಡಿದವರು, ಯಾರಿಗೂ ಬೇಡವಾದವರು ದೇವರಿಗೆ ಬೇಡವಾದವರಲ್ಲ. ನನ್ನ ತಪ್ಪುಗಳನ್ನು ನೋಡಿಯೂ ನನ್ನನ್ನು ಬಿಡದವನೊಬ್ಬ ಇದ್ದಾನೆ. ಇದೇ ನಮಗೆ ಸಂತೋಷದ ಸುದ್ದಿ. ಈ ಸಂತೋಷವನ್ನು ಮನೆಯೊಳಗೆ ಇಟ್ಟುಕೊಳ್ಳಲಾಗದೆ ನಿಮ್ಮಲ್ಲಿಗೆ ತಟ್ಟೆ ತರುವುದು."

ಕಷ್ಟಕಾಲದಲ್ಲಿ ಇದು ನಿಮಗೆ ಹೇಗೆ ಆಸರೆಯಾಯಿತು ಎಂದು ನಿಮ್ಮ ಬದುಕಿನಿಂದ ಒಂದು ಮಾತು ಸೇರಿಸಬಹುದಾದರೆ ಸೇರಿಸಿ. ಅಕ್ಕ ನಿಮ್ಮನ್ನು ವರ್ಷಗಳಿಂದ ನೋಡಿದವರು, ಸುಳ್ಳಾದರೆ ತಕ್ಷಣ ಗೊತ್ತಾಗುತ್ತದೆ. ಹೇಳಲು ಏನೂ ಇಲ್ಲದಿದ್ದರೆ ಸೇರಿಸಬೇಡಿ.

ಅವರು ಮುಂದೆ ಕೇಳುವುದೇನೆಂದು ನಾನು ಈಗಲೇ ಹೇಳಬಲ್ಲೆ: "ಅಂದರೆ ನಮ್ಮ ಅವತಾರದ ಹಾಗೆ." ಇಲ್ಲಿ ಎರಡು ಆತುರಗಳು ಬೇಡ. "ಛೆ ಛೆ, ಹಾಗಲ್ಲ" ಎಂದು ಕಡಿದು ಹಾಕುವುದು ಒಂದು, "ಹೌದು, ಎಲ್ಲ ಒಂದೇ" ಎಂದು ಜಾರಿಕೊಳ್ಳುವುದು ಇನ್ನೊಂದು. ಮೊದಲನೆಯದು ಅವರು ಅರ್ಥ ಮಾಡಿಕೊಳ್ಳಲು ಚಾಚಿದ ಕೈಯನ್ನು ತಳ್ಳಿದಂತೆ. ದೇವರು ಇಳಿದು ಬರುತ್ತಾನೆ ಎಂಬುದು ಅವರಿಗೆ ಹೊಸದಲ್ಲ. ಅದರಿಂದಾಗಿ ಅವರು ನಿಮ್ಮ ಮಾತಿಗೆ ಹತ್ತಿರದಲ್ಲಿದ್ದಾರೆ. ವ್ಯತ್ಯಾಸವನ್ನು ಆಮೇಲೆ ಮೆಲ್ಲಗೆ ಹೇಳಬಹುದು. ಗೀತೆಯಲ್ಲಿ ಕೃಷ್ಣನು ಸಾಧುಗಳನ್ನು ಕಾಪಾಡಲು, ದುಷ್ಟರನ್ನು ನಾಶಮಾಡಲು ಯುಗಯುಗದಲ್ಲೂ ಬರುತ್ತೇನೆ ಎನ್ನುತ್ತಾನೆ. ಯೇಸುವಾದರೋ, ತಾನು ಬಂದದ್ದು ನೀತಿವಂತರನ್ನು ಕರೆಯಲು ಅಲ್ಲ, ಪಾಪಿಗಳನ್ನು ಕರೆಯಲು ಎಂದ. ಒಂದೇ ಸಲ ಬಂದ, ಮತ್ತು ಹೊತ್ತ ಮನುಷ್ಯದೇಹವನ್ನು ಆಮೇಲೆ ಕಳಚಿಡಲಿಲ್ಲ, ಗಾಯಗಳ ಸಮೇತ ಉಳಿಸಿಕೊಂಡ ಎಂಬುದು ನಮ್ಮ ನಂಬಿಕೆ. ಇಷ್ಟು ಸಾಕು. ಯಾವುದು ಮೇಲು ಎಂಬ ಮಾತಿಗೆ ಇಳಿಯಬೇಡಿ.

ನಿಮ್ಮ ಪಟ್ಟಿಯಲ್ಲಿ ಮುಸ್ಲಿಂ ಮನೆಗಳೂ ಇರಬೇಕು, ನಮ್ಮ ಊರುಗಳಲ್ಲಿ ಇಲ್ಲದಿರುವುದಿಲ್ಲ. ಅವರಿಗೆ ಈಸಾನ ಹುಟ್ಟು ಗೊತ್ತಿದೆ. ಕುರಾನಿನ ಹತ್ತೊಂಬತ್ತನೆಯ ಅಧ್ಯಾಯಕ್ಕೆ ಮರ್ಯಮ್ ಎಂದೇ ಹೆಸರು. ಖರ್ಜೂರದ ಮರದ ಬುಡದಲ್ಲಿ ಆಕೆ ಹೆರಿಗೆ ನೋವು ತಿನ್ನುವ ಚಿತ್ರ ಅಲ್ಲಿದೆ. ಈಸಾನನ್ನು ಅವರು ಪ್ರವಾದಿಯೆಂದು ಗೌರವಿಸುತ್ತಾರೆ, ದೇವರ ಮಗನೆಂದು ಒಪ್ಪುವುದಿಲ್ಲ. ಮರಿಯಮ್ಮನ ಮಾತಿನಿಂದ ಆರಂಭಿಸಿದರೆ ಆ ಮನೆಯ ತಾಯಿಯೇ ನಿಮಗೆ ಅರ್ಧ ಕಥೆ ಹೇಳಿಯಾರು. ಕೇಳಿಸಿಕೊಳ್ಳಿ.

ಈಗ ಆ ಅಳುಕಿನ ಮಾತು. ನೀವು ಅದನ್ನು ಬಚ್ಚಿಡದೆ ಬರೆದದ್ದು ಒಳ್ಳೆಯದಾಯಿತು. ಸಂಶಯಪಡುವ ನೆರೆಯವರನ್ನು ನಾನು ದೂರುವುದಿಲ್ಲ. ಬಡತನದ ಮನೆಯಲ್ಲಿ ಅಕ್ಕಿಯ ಜೊತೆಗೆ ನಂಬಿಕೆಯನ್ನೂ ಕಟ್ಟಿ ಕೊಡುವವರನ್ನು ಕಂಡವರಿದ್ದಾರೆ, ಅದು ನಮಗೆ ನಾಚಿಕೆಯ ವಿಷಯ. ಕಥೋಲಿಕ ಸಭೆ 1965ರ ಡಿಸೆಂಬರಿನಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಕುರಿತು ಹೊರಡಿಸಿದ ಘೋಷಣೆಯಲ್ಲೇ, ನಂಬಿಕೆಯನ್ನು ಹರಡುವಾಗ ಬಲವಂತದ ಸೋಂಕಿರುವ, ಗೌರವಕ್ಕೆ ಕುಂದು ತರುವ ಯಾವ ಒತ್ತಾಯವೂ ಕೂಡದು, ಬಡವರ ಮತ್ತು ಅಕ್ಷರ ಬಾರದವರ ಮುಂದಂತೂ ಇನ್ನೂ ಎಚ್ಚರ ಬೇಕು ಎಂದಿದೆ. ಸಂತ ಪೇತ್ರನ ಮೊದಲ ಪತ್ರದ ಮೂರನೆಯ ಅಧ್ಯಾಯವನ್ನೂ ಓದಿ. ನಿಮ್ಮಲ್ಲಿರುವ ಭರವಸೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಕೊಡಲು ಸದಾ ಸಿದ್ಧರಿರಿ, ಆದರೆ ವಿನಯದಿಂದ, ಗೌರವದಿಂದ ಕೊಡಿ ಎನ್ನುತ್ತಾನೆ ಪೇತ್ರ. "ಕೇಳುವವರಿಗೆ" ಎಂಬುದನ್ನು ಗಮನಿಸಿದಿರಾ? ಅಕ್ಕ ಕೇಳಿದ್ದಾರೆ. ಹೇಳದೆ ಉಳಿಯುವುದೇ ಈಗ ಅವರಿಗೆ ಅಗೌರವ. ಹೇಳಿದ ಮೇಲೆ ಅವರು ಏನು ಮಾಡುತ್ತಾರೆಂಬುದು ಅವರಿಗೂ ದೇವರಿಗೂ ಬಿಟ್ಟದ್ದು. ಅವರು ಏನೂ ಮಾಡದಿದ್ದರೂ ಮುಂದಿನ ವರ್ಷ ಕಿಡಿಯೊ, ನೆವ್ರ್ಯೊ, ಗುಳಿಯೊ ಅಷ್ಟೇ ತುಂಬಿದ ತಟ್ಟೆ ಹೋಗಬೇಕು. ಚೌತಿಗೆ ಅವರ ಮನೆಯಿಂದ ಕಡುಬು ಬಂದಾಗ ನೀವು ಮನಸ್ಸಿಟ್ಟು ತಿನ್ನಬೇಕು, ಆ ದಿನದ ಬಗ್ಗೆ ಅವರನ್ನು ಕೇಳಬೇಕು. ಅವರ "ಅದರಿಂದ ನಮಗೇನು?" ಎಂಬ ಕುತೂಹಲ ನಿಮ್ಮ ಕಡೆಯಿಂದಲೂ ಇರಲಿ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ನಾನಾಗಿಯೇ ಹೇಳುತ್ತೇನೆ. ಈ ಸಲ ಗೋದಲಿಯನ್ನು ಒಳಕೋಣೆಯಲ್ಲಿ ಕಟ್ಟಬೇಡಿ, ದಾರಿಗೆ ಕಾಣುವಂತೆ ಚಾವಡಿಯಲ್ಲಿ ಕಟ್ಟಿ. ಅಸ್ಸೀಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಮಾಡಿದ್ದು ಅದನ್ನೇ. ಲ್ಯಾಟಿನ್ ತಿಳಿಯದ ಹಳ್ಳಿಗರ ಮುಂದೆ ನಿಜವಾದ ಹುಲ್ಲು ಹಾಸಿ, ಎತ್ತು ಕತ್ತೆ ತಂದು ನಿಲ್ಲಿಸಿದ. ಜನ ದೊಂದಿ ಹಿಡಿದುಕೊಂಡು ನೋಡಲು ಬಂದರು. ಅಂಗಡಿಯಲ್ಲಿ ಸಿಗುವ ಹಿಮ, ಹತ್ತಿ, ದೇವದಾರು ಮರ ನಮಗೆ ಬೇಡವೇ ಬೇಡ, ಬೆತ್ಲೆಹೇಮಿನ ಕಥೆಯಲ್ಲೂ ಹಿಮವಿಲ್ಲ. ನಿಮ್ಮ ಗದ್ದೆಯ ಬೈಹುಲ್ಲು ಹಾಸಿ, ಮುಳಿಹುಲ್ಲಿನ ಮಾಡು ಇಳಿಸಿ. ಮಣ್ಣಿನಲ್ಲಿ ದನ ಮಾಡುವುದಾದರೆ ಕಾಸರಗೋಡು ಗಿಡ್ಡ ತಳಿಯನ್ನೇ ಮಾಡಲು ಮಕ್ಕಳಿಗೆ ಹೇಳಿ. ದೀಪಾವಳಿಗೆ ಅಕ್ಕನ ಮನೆಯವರು ಗೂಡುದೀಪ ಕಟ್ಟುವ ಬಿದಿರಿನ ಕಡ್ಡಿ, ಬಣ್ಣದ ಕಾಗದದಿಂದಲೇ ನಕ್ಷತ್ರವೂ ಆಗುತ್ತದೆ. ಅವರ ಮನೆಯ ಮಕ್ಕಳನ್ನು ಕಟ್ಟಲು ಕರೆಯಿರಿ. ಹಟ್ಟಿಯ ವಾಸನೆ ಗೊತ್ತಿರುವ ಯಾರಿಗಾದರೂ, ದೇವರು ಅಲ್ಲಿ ಮಲಗಿದ ಎಂದರೆ ಏನೆಂದು ಬಾಯಿಬಿಟ್ಟು ಹೇಳುವ ಮೊದಲೇ ತಿಳಿಯುತ್ತದೆ.

ತಟ್ಟೆಯನ್ನು 25ರ ಗದ್ದಲದಲ್ಲಿ ಮಕ್ಕಳ ಕೈಯಲ್ಲಿ ಕಳುಹಿಸಬೇಡಿ. ಮರುದಿನ ಮಧ್ಯಾಹ್ನ, ಅಡಿಕೆ ಒಣಗಲು ಹರವಿ ಅಕ್ಕ ಜಗಲಿಯಲ್ಲಿ ಸ್ವಲ್ಪ ಕುಳಿತುಕೊಳ್ಳುವ ಹೊತ್ತಿಗೆ ನೀವೇ ಹೋಗಿ. ಕುಳಿತುಕೊಳ್ಳಿ ಎಂದರೆ ಕುಳಿತುಕೊಳ್ಳಿ. ಅವರು ಏನು ಹೇಳಿದರೆಂದು ನನಗೆ ಬರೆದು ತಿಳಿಸಿ. ಈ ಸಲ ಇನ್ನೂ ಕಷ್ಟದ ಪ್ರಶ್ನೆ ಕೇಳಿದರೆ ಅದನ್ನೂ ಬರೆಯಿರಿ.